ಮಳೆಗೆ ಅಂತ ಆಡೋ ಆಟ, ಕಲೆಗೆ ಅಂತ ಆಡೋ ಆಟ: ನಂಬಿಕೆ ತೆಗೆದ್ರೆ ಏನು ಉಳಿಯುತ್ತೆ?

ಜಗಳೂರು ಸೀಮೆ

ಎಲ್ರಿಗೂ ನಮಸ್ಕಾರ. ಇಲ್ಲಿ ಆಟ ಆಡೋರು, ಮದ್ದಳೆ ಬಾರಿಸೋರು, ಓದ್ಕೊಂಡೋರು ಎಲ್ಲಾ ಇದೀರ ಅಂತ ಕೇಳ್ತಿದೀನಿ. ನಮ್ಮ ಕಡೆ ಮುಂಗಾರು ಕೈ ಕೊಟ್ರೆ ಊರೋರು ಸೇರಿ ವಿರಾಟಪರ್ವದ ಬಯಲಾಟ ಕಟ್ತಾರೆ, ಅಷ್ಟು ಖರ್ಚು ಆಗಲ್ಲ ಅಂದ್ರೆ ಗುಡಿ ಮುಂದೆ ಕುಮಾರವ್ಯಾಸನ ಭಾರತದ ವಿರಾಟಪರ್ವನಾದ್ರೂ ಓದಿಸ್ತಾರೆ. ಹಂಗೆ ಮಾಡಿದ್ರೆ ಮಳೆ ಬರುತ್ತೆ ಅನ್ನೋದು ಹಿರೀಕರ ಕಾಲದಿಂದ ಬಂದ ನಂಬಿಕೆ. ಈ ವರ್ಷ ಊರಲ್ಲಿ ಎರಡು ಗುಂಪಾಗೈತೆ. ಹುಡುಗ್ರು ಹೇಳೋದು, ಮಳೆ ಹರಕೆ ಅದೆಲ್ಲಾ ಬೇಡ, ಚೌಕಿ (ವೇಷ ಕಟ್ಟೋ ಬಣ್ಣದ ಮನೆ) ಪೂಜೆ ಉಪವಾಸ ಎಲ್ಲಾ ತೆಗೆದು ಬರೀ ಕಲೆ ಅಂತ ದಾವಣಗೆರೇಲಿ ಒಂದು ಹಾಲ್ ಹಿಡಿದು ಒಂದೂವರೆ ಗಂಟೇಲಿ ಮುಗಿಸೋಣ, ಹೊರಗಿನ ಜನಾನೂ ನೋಡ್ತಾರೆ ಅಂತ. ಹಿರಿಯರು ಹೇಳೋದು, ಪೂಜೆ ಇಲ್ದೆ ಗೆಜ್ಜೆ ಕಟ್ಟಿದ್ರೆ ಅದು ಆಟಾನೇ ಅಲ್ಲ, ಮಂಗಳ ಹಾಡೋ ತನಕ ಬೆಳಗಿನ ಜಾವದವರೆಗೂ ಆಡ್ಲೇಬೇಕು, ಅರ್ಧಕ್ಕೆ ನಿಲ್ಸಿದ್ರೆ ಊರಿಗೆ ಕೇಡು ಅಂತ.

ಜಗಳ ಬಗೆಹರಿಸಿ ಅಂತ ಕೇಳ್ತಿಲ್ಲ. ನನಗೆ ತಿಳ್ಕೋಬೇಕಾಗಿರೋದು ಬೇರೆ. ನಾಟಕ, ಗೊಂಬೆ, ಮುಖವಾಡ, ಗೋಡೆ ಮೇಲಿನ ಚಿತ್ರ ಇವೆಲ್ಲಾ ಹುಟ್ಟಿದ್ದೇ ಮಂತ್ರ ಮಾಟದ ನಂಬಿಕೆಯಿಂದ ಅಂತಾರಲ್ಲ, ಅದು ಎಷ್ಟರ ಮಟ್ಟಿಗೆ ನಿಜ? ಆ ನಂಬಿಕೆ ಕಳಚಿ ಹೋದ್ರೆ ಕಲೆ ತನ್ನ ಕಾಲ ಮೇಲೆ ನಿಲ್ಲುತ್ತಾ?

ಚೌಕಿ ಮನೆ

ತಮ್ಮಾ, ನಾನು ಓದಿದೋನಲ್ಲ, ಮೂಡಲಪಾಯದಲ್ಲಿ, ಅಂದ್ರೆ ನಮ್ಮ ಬಯಲುಸೀಮೆ ಯಕ್ಷಗಾನದಲ್ಲಿ, ರಾಕ್ಷಸ ಪಾತ್ರ ಮಾಡ್ಕೊಂಡು ಬಂದೋನು. ನಂಗೆ ಗೊತ್ತಿರೋದು ಹೇಳ್ತೀನಿ.

ಆಟದ ದಿನ ಹೊತ್ತು ಮುಳುಗೋಕೆ ಮುಂಚೆ ಚೌಕೀಲಿ ಗಣಪತಿ ಇಟ್ಟು ದೀಪ ಹಚ್ಚಿ, ಕಿರೀಟ, ಭುಜಕೀರ್ತಿ, ಎದೆಹಾರ, ಗೆಜ್ಜೆ, ಮದ್ದಳೆ, ಮುಖವೀಣೆ ಎಲ್ಲಾ ಸಾಲಾಗಿ ಇಟ್ಟು ಪೂಜೆ ಮಾಡ್ತೀವಿ. ಆಮೇಲೆ ಬಣ್ಣಕ್ಕೆ ಕೂರೋದು. ಹಿಂದೆ ಅರದಾಳ, ಇಂಗಳೀಕ ಅರೆದು ಎಣ್ಣೇಲಿ ಕಲಸಿ ಬಳಿಯೋರು, ಕಣ್ಣಿನ ಸುತ್ತ ಕಾಡಿಗೆ, ಈಗ ಪೇಟೆ ಬಣ್ಣ ಬಂದಾವೆ. ಬಣ್ಣ ಹಾಕ್ತಾ ಹಾಕ್ತಾ ಮಾತು ಕಡಿಮೆ ಆಗುತ್ತೆ. ಹುಬ್ಬು ತಿದ್ದೋ ಹೊತ್ತಿಗೆ ಯಾರೂ ತಮಾಷೆ ಮಾಡಲ್ಲ. ಕಿರೀಟ ಕಡೇಲಿ. ಅದನ್ನ ಕಣ್ಣಿಗೆ ಒತ್ಕೊಂಡು ತಲೆಗೆ ಏರಿಸಿ ಹಿಂದೆ ಸೀರೆ ಅಂಚಿಂದ ಬಿಗಿದು ಕಟ್ಟಿದ ಮೇಲೆ ನನ್ನ ಹೆಸರಿಡಿದು ಯಾರೂ ಕರೆಯಂಗಿಲ್ಲ, ನನ್ನ ಮಗನೂ ಕರೆಯಲ್ಲ. ಬೀಡಿ ಮುಟ್ಟಂಗಿಲ್ಲ. ಹೊರಗೆ ಹೋಗಬೇಕು ಅಂದ್ರೆ ಕಿರೀಟ ಇಳಿಸಿ ಒಬ್ಬನ ಕೈಗೆ ಕೊಟ್ಟು ಹೋಗಬೇಕು, ನೆಲದ ಮೇಲೆ ಇಡಂಗಿಲ್ಲ.

ಇದನ್ನ ನೀವು ಮೂಢನಂಬಿಕೆ ಅಂತೀರೋ ಏನಂತೀರೋ, ಆದ್ರೆ ಕಿರೀಟ ಏರಿದ ಮೇಲೆ ನಂಗೆ ಬರೋ ದನಿ ಹಗಲಲ್ಲಿ ಬರಲ್ಲ. ಅದು ತಾಲೀಮಿನಲ್ಲೂ ಬರಲ್ಲ. ಹಾಲ್‌ನಲ್ಲಿ ಒಂದೂವರೆ ಗಂಟೆ ಮಾಡಿದ್ದೀನಿ ನಾನು, ಸಂಸ್ಕೃತಿ ಉತ್ಸವ ಅಂತ ಕರೀತಾರಲ್ಲ ಅಲ್ಲಿ. ಬಣ್ಣ ಹಚ್ಚಿ ಮುಗಿಯೋಕೆ ಮುಂಚೆನೇ ನಿಮ್ಮ ಪಾಳಿ ಬಂತು ಬನ್ನಿ ಅಂತ ಕರೀತಾರೆ. ಕುಣಿದೆ, ಚಪ್ಪಾಳೆ ಹೊಡೆದ್ರು, ಶಾಲು ಹೊದಿಸಿದ್ರು. ಅದರಲ್ಲಿ ರಾಕ್ಷಸ ಇರಲಿಲ್ಲ.

ಹರಿಹರದ ಹಾದಿ

ಯಜಮಾನ್ರೆ ಕೈ ಮುಗಿದೆ. ಇಂಥಾದ್ದು ಬರೀರಿ ಇನ್ನೂ.

ತರ್ಕ ದುರ್ಗ

ಯಜಮಾನ್ರೆ, ನಿಮ್ಮ ಶ್ರದ್ಧೆ ದೊಡ್ಡದು, ಅದರ ಬಗ್ಗೆ ಎರಡು ಮಾತಿಲ್ಲ. ಆದ್ರೆ ಆಟಕ್ಕೂ ಮಳೆಗೂ ಗಂಟು ಹಾಕೋದನ್ನ ಒಪ್ಪೋಕಾಗಲ್ಲ. ಚಳ್ಳಕೆರೆ, ಮೊಳಕಾಲ್ಮೂರು, ಜಗಳೂರು ಕಡೆ ಮಳೆ ಕಡಿಮೆ ಯಾಕಂದ್ರೆ ನಾವು ಘಟ್ಟದ ಮರೇಲಿ ಇದೀವಿ, ಮುಂಗಾರಿನ ಮೋಡ ಪಶ್ಚಿಮ ಘಟ್ಟದಲ್ಲೇ ಸುರಿದು ಬರಿದಾಗಿ ಈ ಕಡೆ ಬರೋದು. ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದದ್ದು ಬಿಟ್ರೆ ಮತ್ತೆ ಬಿದ್ದಿದ್ದು 2022ರಲ್ಲಿ. ಆ 89 ವರ್ಷ ನಮ್ಮ ಜನ ಆಟ ಆಡಿದಾರೆ, ಭಾರತ ಓದಿಸಿದಾರೆ, ಗುರ್ಜಿ ಹೊತ್ತಿದಾರೆ, ಕಪ್ಪೆಗೆ ಮದುವೆ ಮಾಡಿದಾರೆ, ಕತ್ತೆಗೆ ಮದುವೆ ಮಾಡಿದಾರೆ. ಜಲಾಶಯ ತುಂಬಿದ್ದು ಮೇಲಿನ ಜಲಾನಯನದಲ್ಲಿ ಮಳೆ ಸುರಿದು, ಭದ್ರಾ ನೀರೂ ಹರಿದು ಬಂದಿದ್ದಕ್ಕೆ.

ಈ ನಂಬಿಕೆಯ ಒಳಗಿನ ಲೆಕ್ಕ ಏನು ಅನ್ನೋದನ್ನ ಫ್ರೇಜರ್ ಅನ್ನೋ ಬ್ರಿಟಿಷ್ ವಿದ್ವಾಂಸ 1890ರಲ್ಲೇ ಬರೆದಿದಾನೆ. ಎರಡೇ ಸೂತ್ರ. ಒಂದು, ಯಾವುದನ್ನ ಅಣಕ ಮಾಡ್ತೀವೋ ಅದೇ ನಡೆಯುತ್ತೆ ಅನ್ನೋದು. ಇನ್ನೊಂದು, ಒಮ್ಮೆ ತಾಗಿದ್ದು ದೂರ ಹೋದ ಮೇಲೂ ತಾಗಿಕೊಂಡೇ ಇರುತ್ತೆ ಅನ್ನೋದು. ಗುರ್ಜೀಲಿ ಏನು ಮಾಡ್ತಾರೆ? ಹುಡುಗನ ತಲೆ ಮೇಲೆ ಹಂಚು, ಹಂಚಿನ ಮೇಲೆ ಸಗಣಿ ಗುರ್ಜಿ, ಅದಕ್ಕೆ ಗರಿಕೆ, ಮನೆ ಮನೆ ಮುಂದೆ ಹೋದಾಗ ಹೆಂಗಸರು ಕೊಡದಿಂದ ನೀರು ಸುರೀತಾರೆ, ಹುಡುಗ ತೊಯ್ದು ತೊಪ್ಪೆ ಆಗ್ತಾನೆ. ಮಳೆ ಬಿದ್ದಂಗೆ ಆಡಿ ತೋರಿಸಿದ್ರೆ ಮಳೆ ಬೀಳುತ್ತೆ ಅನ್ನೋದು ಮೊದಲನೇ ಸೂತ್ರ. ಕೂದಲು, ಉಗುರು, ಕಾಲ್ಧೂಳಿ ತಗೊಂಡು ಮಾಟ ಮಾಡ್ತಾರೆ ಅನ್ನೋದು ಎರಡನೇದು.

ಗುರ್ಜೀಲಿ ಯಾರಿಗೂ ನಷ್ಟ ಇಲ್ಲ, ಚಂದಾನೇ ಐತೆ. ಎರಡನೇದೇ ನನಗೆ ಭಯ, ಅದರಿಂದ ಮನೆ ಮನೆ ಮುರಿದಾವೆ. ಇಲ್ಲೆಲ್ಲಾ ಕಲೆ ಮೇಲೆ ನಂಬಿಕೆಯ ಪ್ರಭಾವ ಅಂತ ಮಾತಾಡ್ತಿದೀವಿ, ನಂಬಿಕೆ ಮೇಲೆ ಕಲೆಯ ಪ್ರಭಾವದ ಬಗ್ಗೆ ಯಾರೂ ಮಾತಾಡಲ್ಲ. ಇಂಗ್ಲೆಂಡಿನ ಜೇಮ್ಸ್ ದೊರೆ, ಇನ್ನೂ ಸ್ಕಾಟ್ಲೆಂಡಿಗಷ್ಟೇ ದೊರೆಯಾಗಿದ್ದಾಗ, 1597ರಲ್ಲಿ ಮಾಟಗಾತಿಯರ ವಿರುದ್ಧ ತಾನೇ ಒಂದು ಪುಸ್ತಕ ಬರೆದ, 1604ರಲ್ಲಿ ಮಾಟದ ವಿರುದ್ಧ ಕಾನೂನು ಬಿಗಿಯಾಯ್ತು, ಅದಾಗಿ ಎರಡು ವರ್ಷದ ಆಚೀಚೆ ಶೇಕ್ಸ್‌ಪಿಯರ್ ಮ್ಯಾಕ್‌ಬೆತ್ ನಾಟಕದಲ್ಲಿ ಮೂವರು ಮಾಟಗಾತಿಯರನ್ನ ರಂಗದ ಮೇಲೆ ತಂದ. ನಾಟಕ ಅದ್ಭುತ, ಆದ್ರೆ ಅದೇ ಕಾಲಕ್ಕೆ ಹೊರಗೆ ಬಡ ಮುದುಕಿಯರನ್ನ ಮಾಟಗಾತಿ ಅಂತ ಗಲ್ಲಿಗೆ ಹಾಕ್ತಿದ್ರು. ನಮ್ಮ ಸಿನಿಮಾದಲ್ಲೂ ನೋಡ್ರಿ, ಬುರುಡೆ, ನಿಂಬೆಹಣ್ಣು, ಕೆದರಿದ ಕೂದಲು, ಕಪ್ಪು ಬಟ್ಟೆ, ಒಂದೇ ಅಚ್ಚು. ಆ ಅಚ್ಚು ಜನರ ತಲೇಲಿ ಕೂತು ಊರ ಕಡೇಲಿ ಒಂಟಿಯಾಗಿರೋ ಹೆಂಗಸಿನ ಮೇಲೆ ಬೀಳುತ್ತೆ. ಕರ್ನಾಟಕದಲ್ಲಿ ಮಾಟ ಮತ್ತು ಅಮಾನವೀಯ ಆಚರಣೆ ತಡೆಗೆ 2017ರಲ್ಲಿ ಕಾಯ್ದೆ ಆಗಿ 2020ರಿಂದ ಜಾರಿ ಐತೆ. ಅದು ಹರಿಕಥೆ, ಕೀರ್ತನೆ, ಭಜನೆ ಯಾವುದನ್ನೂ ಮುಟ್ಟಿಲ್ಲ. ಅಂದ್ರೆ ಕಲೆ ಬೇರೆ, ಹಿಂಸೆ ಬೇರೆ ಅಂತ ಗೆರೆ ಎಳೆಯೋಕೆ ಬರುತ್ತೆ. ಎಳೀರಿ ಅಷ್ಟೇ ನಾನು ಹೇಳೋದು.

ಜಗಳೂರು ಸೀಮೆ

ತರ್ಕ ಅಣ್ಣ, ಇದು ನಾನು ಯೋಚನೆ ಮಾಡಿರದ ದಿಕ್ಕು. ಆದ್ರೆ ವಿರಾಟಪರ್ವನೇ ಯಾಕೆ ಮಳೆಗೆ? ಬೇರೆ ಪರ್ವ ಯಾಕಲ್ಲ? ಯಾರಿಗಾದ್ರೂ ಗೊತ್ತಾ?

ರಂಗದ ಓದು

ಇದಕ್ಕೆ ಮಹಾಭಾರತದ ಒಳಗೇ ಉತ್ತರ ಐತೆ. ಪಾಂಡವರು ಅಜ್ಞಾತವಾಸದಲ್ಲಿದ್ದಾಗ ಕೌರವರು ಗೂಢಚಾರರನ್ನ ಬಿಟ್ಟು ಹುಡುಕಿಸ್ತಾರೆ, ಸಿಗಲ್ಲ. ಆಗ ಭೀಷ್ಮ ಹೇಳೋದು, ಯುಧಿಷ್ಠಿರ ಇರೋ ದೇಶದಲ್ಲಿ ಕಾಲಕಾಲಕ್ಕೆ ಮಳೆ ಆಗಿರುತ್ತೆ, ಬೆಳೆ ಹುಲುಸಾಗಿರುತ್ತೆ, ದನಕರು ತುಂಬಿರುತ್ತೆ, ಅಂಥ ನಾಡು ಎಲ್ಲೈತೆ ನೋಡಿ ಅಂತ. ಅಂದ್ರೆ ಧರ್ಮರಾಯ ಎಲ್ಲಿ ಅಡಗಿದಾನೋ ಅಲ್ಲಿ ಮಳೆ. ಊರ ಮುಂದಿನ ಬಯಲಲ್ಲಿ ಬಣ್ಣ ಹಚ್ಚಿದ ಧರ್ಮರಾಯ ಬಂದು ಒಂದು ರಾತ್ರಿ ನಿಂತ್ರೆ ಆ ಊರೇ ಆವತ್ತಿಗೆ ವಿರಾಟನಗರ ಆಗುತ್ತೆ. ಜೊತೆಗೆ ಕಥೆಯ ಕೊನೇಲಿ ಗೋಗ್ರಹಣ, ಹೋದ ದನ ಮರಳಿ ಬರ್ತಾವೆ. ಬರಗಾಲದಲ್ಲಿ ದನ ಮಾರಿ ಗುಳೆ ಹೋಗೋ ಸೀಮೆಗೆ ಇದಕ್ಕಿಂತ ಹತ್ತಿರದ ಕಥೆ ಇನ್ಯಾವುದೈತೆ?

ತರ್ಕ ದುರ್ಗ ಅವರು ಫ್ರೇಜರ್ ಹೆಸರು ತೆಗೆದ್ರಲ್ಲ, ಅದಕ್ಕೆ ಸ್ವಲ್ಪ ಸೇರಿಸ್ತೀನಿ. ಅವನಿಂದ ಪ್ರೇರಣೆ ಪಡೆದು ಕೇಂಬ್ರಿಜ್‌ನ ಜೇನ್ ಹ್ಯಾರಿಸನ್ ಅನ್ನೋ ವಿದುಷಿ 1913ರ ಹೊತ್ತಿಗೆ ಗ್ರೀಕ್ ನಾಟಕ ಹುಟ್ಟಿದ್ದೇ ಋತು ಬದಲಾಗೋ ಆಚರಣೆಯಿಂದ ಅಂತ ವಾದ ಮಾಡಿದ್ರು, ಬಹಳ ಜನ ತಲೆದೂಗಿದ್ರು. ಆಮೇಲೆ 1927ರಲ್ಲಿ ಪಿಕಾರ್ಡ್ ಕೇಂಬ್ರಿಜ್ ಅನ್ನೋ ಇನ್ನೊಬ್ಬ ವಿದ್ವಾಂಸ ಒಂದೊಂದೇ ಸಾಕ್ಷಿ ಕೂತು ನೋಡಿ, ಇಷ್ಟರಿಂದ ಅಷ್ಟು ದೊಡ್ಡ ತೀರ್ಮಾನಕ್ಕೆ ಬರೋಕಾಗಲ್ಲ ಅಂದ. ಆದ್ದರಿಂದ ಎಲ್ಲಾ ನಾಟಕಾನೂ ಮಾಂತ್ರಿಕ ಆಚರಣೆಯಿಂದಲೇ ಹುಟ್ಟಿತು ಅನ್ನೋದನ್ನ ಈಗ ಹಂಗೆ ಸಲೀಸಾಗಿ ಯಾರೂ ಹೇಳಲ್ಲ.

ಆದ್ರೆ ನಮ್ಮ ನಾಟ್ಯಶಾಸ್ತ್ರದ ಮೊದಲನೇ ಅಧ್ಯಾಯ ಓದಿ, ಮೈ ಜುಂ ಅನ್ನುತ್ತೆ. ಮೊಟ್ಟಮೊದಲ ಪ್ರದರ್ಶನ ನಡೀತಿರುತ್ತೆ, ಅದರಲ್ಲಿ ದೇವತೆಗಳು ಅಸುರರನ್ನ ಗೆದ್ದ ಕಥೆ. ಅಸುರರಿಗೆ ಸಿಟ್ಟು. ವಿಘ್ನಗಳು ಅನ್ನೋ ಶಕ್ತಿಗಳನ್ನ ಕರ್ಕೊಂಡು ಬಂದು ಮಾಯೆಯಿಂದ ನಟರ ಮಾತು, ಚಲನೆ, ನೆನಪು ಮೂರನ್ನೂ ಕಟ್ಟಿ ಹಾಕ್ತಾರೆ. ರಂಗದ ಮೇಲೆ ನಿಂತೋರು ಯಾರಾದ್ರೂ ಇದನ್ನ ಮರೆಯೋಕಾಗುತ್ತಾ? ಮಾತು ತಡವರಿಸೋದು, ಕೈಕಾಲು ಮರಗಟ್ಟೋದು, ಸಾಲು ಮರೆತು ಹೋಗೋದು. ನಟನ ಮೂರು ಭಯಾನೂ ಅಲ್ಲೈತೆ. ಇಂದ್ರ ಧ್ವಜದ ಕೋಲು ತಗೊಂಡು ಅವುಗಳನ್ನ ಜರ್ಜರ ಮಾಡ್ತಾನೆ, ಆ ಕೋಲೇ ಜರ್ಜರ ಅಂತ ಪೂಜೆಗೆ ಬರುತ್ತೆ, ಆಮೇಲೆ ವಿಶ್ವಕರ್ಮ ನಾಟ್ಯಮಂಟಪ ಕಟ್ತಾನೆ, ಮೂಲೆ ಮೂಲೆಗೆ ದೇವತೆಗಳು ಕಾವಲು ನಿಲ್ತಾರೆ, ರಂಗಪೂಜೆ ಪೂರ್ವರಂಗ ಎಲ್ಲಾ ಶುರು ಆಗುತ್ತೆ. ಕಂಪನಿ ನಾಟಕದಲ್ಲಿ ಪರದೆ ಏಳೋಕೆ ಮುಂಚೆ ಕಾಯಿ ಒಡೆದು ನಾಂದಿ ಹಾಡೋದು, ಚೌಕಿ ಮನೆ ಯಜಮಾನ್ರು ಹೇಳಿದ ಪೂಜೆ, ಎಲ್ಲಾ ಅದೇ ದಾರೀದು.

ಇನ್ನೊಂದು ಮಾತು. ಕಾಲಿಂಗ್‌ವುಡ್ ಅನ್ನೋ ತತ್ತ್ವಶಾಸ್ತ್ರಜ್ಞ 1938ರಲ್ಲಿ ಹೇಳಿದ್ದು ನಮ್ಮ ಬಯಲಾಟಕ್ಕೆ ಅಂತಲೇ ಹೇಳ್ದಂಗೈತೆ. ಮಾಂತ್ರಿಕ ಆಚರಣೆ ಅಂದ್ರೆ ಕೆಟ್ಟ ವಿಜ್ಞಾನ ಅಲ್ಲ, ಮುಂದೆ ಮಾಡಬೇಕಾದ ಕೆಲಸಕ್ಕೆ ಬೇಕಾದ ಭಾವನೇನ ಎಬ್ಬಿಸಿ, ಆ ಕೆಲಸದೊಳಕ್ಕೇ ಹರಿಸೋ ಕಲೆ ಅದು. ಮನರಂಜನೆ ಅಂದ್ರೆ ಭಾವನೇನ ಎಬ್ಬಿಸಿ ಅಲ್ಲೇ ಇಳಿಸಿ ಮನೆಗೆ ಕಳಿಸೋದು. ಅವನು ಇವೆರಡನ್ನೂ ನಿಜವಾದ ಕಲೆ ಅನ್ನಲ್ಲ, ಆ ಮಾತು ಬೇರೆ. ಆಷಾಢದ ಹೊತ್ತಿಗೆ ಬೀಜ ಇಟ್ಕೊಂಡು ಆಕಾಶ ನೋಡ್ತಾ ಕೂತ ರೈತನಿಗೆ ಬೇಕಾಗಿರೋದು ಇನ್ನೊಂದು ಸಲ ಕೂರಿಗೆ ಹೂಡೋ ಧೈರ್ಯ, ರಾತ್ರಿ ಪೂರಾ ಊರೇ ಒಟ್ಟಿಗೆ ಕೂತು ಎದ್ದಾಗ ಅದು ಸಿಗುತ್ತೆ. ಮಳೆ ಬರ್ಲಿ ಬಿಡ್ಲಿ, ಆಟ ಆ ಕೆಲಸ ಮಾಡೇ ಮಾಡುತ್ತೆ.

ನಾಲೆ ಬಯಲು

ನಮ್ಮದು ಭದ್ರಾ ನಾಲೆ ಕೆಳಗಿನ ಊರು, ಭತ್ತ ಬೆಳೆಯೋರು. ನಮ್ಮಲ್ಲಿ ಮಳೆಗೆ ಅಂತ ಆಟ ಆಡಿಸಿದ್ದು ನಾ ನೋಡಿಲ್ಲ. ಜಾತ್ರೇಲಿ ನಾಟಕ ಇರುತ್ತೆ, ಸಾಮಾಜಿಕ ನಾಟಕ, ಖುಷಿಗೆ.

ರಂಗದ ಓದು

ಎಂಥಾ ಒಳ್ಳೇ ಮಾತು ಹೇಳಿದ್ರಿ. ಮಲಿನೋವ್‌ಸ್ಕಿ ಅನ್ನೋ ಮಾನವಶಾಸ್ತ್ರಜ್ಞ ಟ್ರೋಬ್ರಿಯಾಂಡ್ ದ್ವೀಪದಲ್ಲಿ ಇದನ್ನೇ ಕಂಡಿದ್ದು. ಒಳಗಿನ ಹಿನ್ನೀರಲ್ಲಿ ಮೀನು ಹಿಡಿಯೋಕೆ ಮಂತ್ರ ತಂತ್ರ ಏನೂ ಇಲ್ಲ, ಯಾಕಂದ್ರೆ ಅಲ್ಲಿ ಮೀನು ಸಿಗೋದು ಖಾತ್ರಿ. ಹೊರಗಿನ ತೆರೆದ ಸಮುದ್ರಕ್ಕೆ ಹೋಗುವಾಗ ಮಾತ್ರ ವಿಧಿ ವಿಧಾನ ಎಲ್ಲಾ. ನಾಲೆ ನೀರು ಇರೋ ಕಡೆ ನಾಟಕ ಖುಷಿಗೆ, ಮಳೆ ನಂಬಿದ ಕಡೆ ನಾಟಕ ಹರಕೆಗೆ. ಒಂದೇ ಜಿಲ್ಲೇಲಿ ಎರಡೂ ಐತೆ.

ಬ್ರಹ್ಮಗಿರಿ ಹತ್ರ

ಚಿತ್ರದ ಕಡೆಗೂ ಸ್ವಲ್ಪ ಬನ್ನಿ, ಎಲ್ಲಾರೂ ನಾಟಕದಲ್ಲೇ ನಿಂತ್ರಿ. ಆದಿಮಾನವ ಗುಹೇಲಿ ಪ್ರಾಣಿ ಚಿತ್ರ ಬರೆದಿದ್ದು ಬೇಟೆ ಸಿಗಲಿ ಅಂತ ಮಾಟಕ್ಕೆ ಅನ್ನೋದನ್ನ ನಾವು ಶಾಲೇಲಿ ಓದಿದ್ದು. ರೈನಾಕ್ ಅನ್ನೋ ಫ್ರೆಂಚ್ ವಿದ್ವಾಂಸ 1903ರಲ್ಲಿ ಹೇಳಿದ್ದು ಅದು. ಆದ್ರೆ 1940ರಲ್ಲಿ ಸಿಕ್ಕಿದ ಲಾಸ್ಕೋ ಗುಹೇಲಿ ಅಗೆದಾಗ ಸಿಕ್ಕ ಮೂಳೆ ಬಹುಪಾಲು ಹಿಮಸಾರಂಗದ್ದು, ಅಂದ್ರೆ ಅವರು ತಿಂತಿದ್ದಿದ್ದು ಅದನ್ನ. ಗೋಡೆ ಮೇಲೆ ನೂರಾರು ಕುದುರೆ, ಗೂಳಿ, ಜಿಂಕೆ ಐತೆ, ಹಿಮಸಾರಂಗ ಇರೋದು ಒಂದೇ ಒಂದು. ಊಟಕ್ಕೆ ಮಾಟ ಮಾಡೋದಾಗಿದ್ರೆ ಅದನ್ನೇ ಬರೀಬೇಕಿತ್ತಲ್ಲ. ಆದ್ದರಿಂದ ಬರೆದವರ ಮನಸಲ್ಲಿ ಹೊಟ್ಟೆಗಿಂತ ದೊಡ್ಡದು ಏನೋ ಇತ್ತು ಅಂತ ನಾನು ನಂಬ್ತೀನಿ.

ಚಿತ್ರ ಮತ್ತೆ ಶಿಲ್ಪದಲ್ಲಿ ನಂಬಿಕೆ ಬಹಳ ಗಟ್ಟಿಯಾಗಿ ಕಾಣೋದು ಕಣ್ಣಿನ ವಿಷ್ಯದಲ್ಲಿ. ನಮ್ಮಲ್ಲಿ ವಿಗ್ರಹಕ್ಕೆ ನೇತ್ರೋನ್ಮೀಲನ ಅಂತ ಕಡೇಲಿ ಮಾಡ್ತಾರೆ, ಕಣ್ಣು ತೆರೆಯೋ ತನಕ ಅದು ಕಲ್ಲು. ಶ್ರೀಲಂಕಾದಲ್ಲಿ ಬುದ್ಧನ ವಿಗ್ರಹಕ್ಕೆ ಕಣ್ಣು ಬರೆಯೋನು ನೇರ ನೋಡಲ್ಲ, ಬೆನ್ನು ತಿರುಗಿಸಿ ಕನ್ನಡೀಲಿ ನೋಡ್ತಾ ಭುಜದ ಮೇಲಿಂದ ಕುಂಚ ಎತ್ತಿ ಬರೀತಾನೆ, ಯಾಕಂದ್ರೆ ಮೊದಲನೇ ನೋಟ ತಡ್ಕೊಳ್ಳೋಕಾಗಲ್ಲ ಅಂತ. ಕಲಾ ವಿದ್ವಾಂಸ ಆನಂದ ಕುಮಾರಸ್ವಾಮಿ ಅವರು 1908ರಲ್ಲಿ ಪ್ರಕಟಿಸಿದ ಸಿಂಹಳ ಕಲೆಯ ಪುಸ್ತಕದಲ್ಲಿ ಇದನ್ನ ದಾಖಲು ಮಾಡಿದಾರೆ. ಹಂಗೆ ಬರೀಬೇಕು ಅಂದ್ರೆ ಎಷ್ಟು ವರ್ಷದ ಕೈ ಅಭ್ಯಾಸ ಬೇಕು ಯೋಚನೆ ಮಾಡಿ! ನಂಬಿಕೆ ಅಲ್ಲಿ ಕಸುಬನ್ನ ಕಷ್ಟ ಮಾಡಿ ಇಟ್ಟೈತೆ, ಕಷ್ಟ ಆಗಿದ್ದಕ್ಕೇ ಕಸುಬು ಮೇಲಕ್ಕೆ ಹೋಗೈತೆ. ದಾವಣಗೆರೆ ಲಾರಿಗಳ ಹಿಂದೆ ನಾಲಿಗೆ ಚಾಚಿದ ದೃಷ್ಟಿ ಮುಖ, ಹೊಸ ಮನೆಗೆ ನೇತು ಹಾಕೋ ಬೂದುಗುಂಬಳದ ಮೇಲಿನ ಮುಖ, ಇವೂ ನಮ್ಮ ಹಳೇ ದೇವಸ್ಥಾನಗಳ ಕೀರ್ತಿಮುಖದ ಸಂತಾನವೇ. ಬರೆಯೋ ಪೇಂಟರ್‌ಗಳನ್ನ ಯಾರೂ ಕಲಾವಿದರು ಅನ್ನಲ್ಲ, ಅನ್ನಬೇಕು.

ಇನ್ನೊಂದು, ಇಲ್ಲಿ ನಡೀತಿರೋ ವಾದ ಹೊಸದಲ್ಲ. ಅಶೋಕ ತನ್ನ ದೊಡ್ಡ ಶಾಸನಗಳಲ್ಲಿ ಒಂಬತ್ತನೇದರಲ್ಲಿ, ಕಾಯಿಲೆ ಮದುವೆ ಪ್ರಯಾಣ ಅಂತ ಜನ ಬಹಳ ಮಂಗಳಾಚರಣೆ ಮಾಡ್ತಾರೆ, ಅದರ ಫಲ ಅಲ್ಪ, ಒಳ್ಳೆ ನಡತೆಯೇ ದೊಡ್ಡ ಮಂಗಳ ಅಂತ ಕೆತ್ತಿಸಿದಾನೆ. ಅದು ನಮ್ಮ ಬ್ರಹ್ಮಗಿರಿ ಬಂಡೆ ಮೇಲಿಲ್ಲ, ಗಿರ್ನಾರ್ ಮುಂತಾದ ಕಡೆ ಐತೆ. ಆದ್ರೂ ಅವನದೇ ಶಾಸನದ ಬಂಡೆ ಪಕ್ಕದಲ್ಲಿ ಹುಟ್ಟಿ ಬೆಳೆದೋನಿಗೆ ಅದು ನೆನಪಾಗುತ್ತೆ.

ತರ್ಕ ದುರ್ಗ

ಬ್ರಹ್ಮಗಿರಿ ಅಣ್ಣ, ಅಶೋಕನ ಮಾತು ಎತ್ತಿದ್ದಕ್ಕೆ ಥ್ಯಾಂಕ್ಸ್. ಆ ಸಾಲು ನಮ್ಮ ಜಿಲ್ಲೆ ಶಾಲೆಗಳ ಗೋಡೆ ಮೇಲೆ ಬರೆಸಬೇಕು.

ಹೊಸದುರ್ಗದ ಅಕ್ಕ

ಎಲ್ಲಾ ಓದಿದೆ. ಚೌಕಿ ಮನೆ ಅಣ್ಣಾರು ಬರೆದಿದ್ದು ಓದಿ ಕಣ್ಣು ತುಂಬಿ ಬಂತು, ಜೊತೆಗೆ ಹೊಟ್ಟೇಲಿ ಸಂಕಟಾನೂ ಆಯ್ತು. ಅಣ್ಣಾ, ನೀವು ಹೇಳಿದ ಆ ಚೌಕಿ ಬಾಗಿಲು ದಾಟೋಕೆ ನಮಗೆ ಬಿಡಲಿಲ್ಲ. ನಮ್ಮಪ್ಪ ಭಾಗವತಿಕೆ ಮಾಡೋರು, ಮನೇಲಿ ಪದ ಕೇಳಿ ಕೇಳಿ ನನಗೆ ಪ್ರಸಂಗ ಪೂರಾ ಬಾಯಿಪಾಠ. ಒಂದ್ಸಲ ಗೆಜ್ಜೆ ಒರೆಸಿಡೋಣ ಅಂತ ಕೈಗೆ ತಗೊಂಡಿದ್ದಕ್ಕೆ ಮೈಲಿಗೆ ಆಯ್ತು ಅಂತ ತಂಡದ ಹಿರಿಯರೊಬ್ರು ಎಷ್ಟು ಬೈದ್ರು ಅಂದ್ರೆ ಅಪ್ಪ ತಲೆ ತಗ್ಗಿಸಿ ನಿಂತ್ರು. ದ್ರೌಪದಿ ಪಾತ್ರ ಮಾಡ್ತಿದ್ದೋರು ಮೀಸೆ ಬೋಳಿಸಿದ ಗಂಡಸರು. ದ್ರೌಪದಿಯ ಕಷ್ಟ ಕೇಳಿ ಸೆರಗು ಕಚ್ಚಿ ಅಳ್ತಿದ್ದೋರು ನಾವು. ನಂಬಿಕೆ ಕಲೇನ ಕಾಯ್ತು ಅಂತೀರಲ್ಲ, ಯಾರಿಂದ ಕಾಯ್ತು ಅನ್ನೋದನ್ನೂ ಹೇಳಿ.

ಆದ್ರೆ ನಂಬಿಕೆ ಅಂದ್ರೆ ಗಂಡಸರ ಚೌಕಿ ಒಂದೇ ಅಲ್ಲ. ಭಾದ್ರಪದದಲ್ಲಿ ಗಣಪತಿ ಹೋದ ಮೇಲೆ ಜೋಕುಮಾರ ಬರ್ತಾನಲ್ಲ, ಅಂಬಿಗರ ಮನೆ ಹೆಂಗಸರು ಬುಟ್ಟೀಲಿ ಮಣ್ಣಿನ ಜೋಕುಮಾರನ್ನ ಹೊತ್ತು ಬೇವಿನ ಸೊಪ್ಪು ಸಿಕ್ಕಿಸಿಕೊಂಡು ಮನೆ ಮನೆ ಮುಂದೆ ಹಾಡ್ತಾರೆ. ಬಾಯಿಗೆ ಬೆಣ್ಣೆ ಸವರ್ತಾರೆ, ಮೊರದಲ್ಲಿ ಕಾಳು ಹಾಕ್ತಾರೆ. ಏಳು ದಿನದ ಬಾಳು ಅವನದು, ಆಮೇಲೆ ಸಾಯ್ತಾನೆ, ಸತ್ತು ಹೋಗಿ ಶಿವನಿಗೆ ಇಲ್ಲಿ ಮಳೆ ಇಲ್ಲ ಬೆಳೆ ಇಲ್ಲ ಅಂತ ವರದಿ ಮಾಡ್ತಾನೆ. ಗಣಪತಿ ತಿಂದುಂಡು ಹೋಗಿ ಒಳ್ಳೇದಷ್ಟೇ ಹೇಳ್ತಾನಂತೆ, ಬಡವರ ಕಷ್ಟ ಹೇಳೋನು ಜೋಕುಮಾರ. ಇದು ಹೆಂಗಸರು ಮಾಡೋ ನಾಟಕ, ರಂಗ ಇಲ್ಲ ಪರದೆ ಇಲ್ಲ. ಚಂದ್ರಶೇಖರ ಕಂಬಾರರು ಜೋಕುಮಾರಸ್ವಾಮಿ ಬರೆದಾಗ ಅದರ ಬೇರು ಇಲ್ಲಿಂದ ತಗೊಂಡ್ರು, ಫಲ ಕೊಡೋ ದೇವರ ಹೆಸರಲ್ಲಿ ಭೂಮಿ ಯಾರದು ಅನ್ನೋ ಪ್ರಶ್ನೆ ಎತ್ತಿದ್ರು. ಹಳೇ ನಂಬಿಕೇನ ಹಂಗೇ ಪೂಜೆ ಮಾಡಲಿಲ್ಲ, ಬಿಸಾಕಲೂ ಇಲ್ಲ.

ನಮ್ಮ ತಾಲ್ಲೂಕಿನ ಸಾಣೇಹಳ್ಳೀಲಿ ಶಿವಸಂಚಾರ ಅನ್ನೋ ನಾಟಕದ ತಿರುಗಾಟ 1997ರಿಂದ ನಡೀತಿದೆ, ಅಲ್ಲಿ ಹೆಣ್ಣುಮಕ್ಕಳು ತಂಡದ ಜೊತೆ ಊರೂರು ತಿರುಗಿ ಅಭಿನಯಿಸ್ತಾರೆ. ಮಠದ ಅಂಗಳದಲ್ಲೇ. ಅಲ್ಲಿ ಮಳೆ ಹರಕೆ ಇಲ್ಲ, ಮೈಲಿಗೆ ಇಲ್ಲ, ಆದ್ರೆ ಶಿಸ್ತು ನೋಡಿ ಹೋಗಿ, ಬೆಳಗ್ಗೆ ಎದ್ದಾಗಿಂದ ರಾತ್ರಿ ಪ್ರದರ್ಶನದ ತನಕ. ಶ್ರದ್ಧೆ ಇರೋಕೆ ಭಯ ಇರಲೇಬೇಕು ಅಂತಿಲ್ಲ.

ಚೌಕಿ ಮನೆ

ತಂಗೀ, ನೀನು ಹೇಳಿದ್ದು ಸುಳ್ಳಲ್ಲ. ನಮ್ಮ ತಂಡದಲ್ಲೂ ಹಂಗೇ ಐತೆ. ಈಗ ನನ್ನ ಮೊಮ್ಮಗಳು ಕುಣೀತಾಳೆ, ಮನೇಲಿ ಕಲಿಸ್ತಿದೀನಿ, ಚೌಕಿಗೆ ಕರ್ಕೊಂಡು ಹೋಗ್ತೀನಿ. ಯಾರು ಏನಾದ್ರೂ ಅನ್ನಲಿ. ಅವಳೂ ಪೂಜೆ ಮಾಡೇ ಗೆಜ್ಜೆ ಕಟ್ತಾಳೆ.

ಹೊಸದುರ್ಗದ ಅಕ್ಕ

ಅಣ್ಣಾ, ಆ ದಿನ ನನಗೆ ಹೇಳಿ, ಎಲ್ಲೇ ಇದ್ರೂ ಬರ್ತೀನಿ.

ಸಿಳ್ಳೇಕ್ಯಾತರ ಮನೆ

ತೊಗಲು ಗೊಂಬೆ ಬಗ್ಗೆ ಯಾರೂ ಬರೀಲಿಲ್ಲ, ನಾನು ಬರೀತೀನಿ. ನಮ್ಮೋರು ಗೊಂಬೆ ಆಡಿಸ್ತಾ ಮೀನು ಹಿಡೀತಾ ಬಂದೋರು. ಮಳೆ ಹೋದ್ರೆ, ದನಕ್ಕೆ ರೋಗ ಬಂದ್ರೆ ಊರೋರು ನಮ್ಮನ್ನ ಕರೆಸಿ ಆಟ ಇಡ್ಸೋರು. ಪೆಟ್ಟಿಗೇಲಿ ಗೊಂಬೆ ಇಡೋಕೂ ಕ್ರಮ ಐತೆ, ಗಣಪತಿ ಮೇಲೆ, ದೇವರ ಗೊಂಬೆ ಒಂದು ಕಡೆ, ರಾಕ್ಷಸರದ್ದು ಒಂದು ಕಡೆ, ರಾಮನ ಮೇಲೆ ರಾವಣನ್ನ ಹಾಕಿ ಮಡಚಂಗಿಲ್ಲ. ಕಿಳ್ಳೇಕ್ಯಾತ ಬಂಗಾರಕ್ಕ ಅನ್ನೋ ಹಾಸ್ಯದ ಗೊಂಬೆ ಜೋಡಿ ಬಂದು ನಗಿಸಿ ಹೋದ ಮೇಲೇ ಕಥೆ ಏರೋದು.

ಹರಿದು ಹಳೇದಾದ ಗೊಂಬೇನ ಬಿಸಾಕಲ್ಲ, ಮಾರಲ್ಲ, ಹೊಳೆಗೆ ಬಿಡ್ತೀವಿ. ಎಷ್ಟೋ ವರ್ಷ ರಾಮನಾಗಿ ಮಾತ್ನಾಡಿದ ತೊಗಲು ಅದು, ಅದಕ್ಕೂ ಸಂಸ್ಕಾರ ಬೇಕಲ್ಲ. ಇಲ್ಲೇ ನನಗೆ ಕಗ್ಗಂಟಾಗಿರೋದು. ಅಜ್ಜನ ಕಾಲದ ದೊಡ್ಡ ಗೊಂಬೆಗಳು ಅದಾವೆ, ಕುಸುರಿ ಕೆಲಸ, ಆಭರಣದ ಒಂದೊಂದು ತೂತೂ ಕಾಳಿನಷ್ಟು, ಹಿಂದೆ ದೀಪ ಇಟ್ರೆ ಬಣ್ಣ ಇನ್ನೂ ಉರಿಯುತ್ತೆ. ಅಂಚೆಲ್ಲಾ ಮುರುಟಿ ಹೋಗ್ಯಾವೆ, ಆಡಿಸೋಕೆ ಬರಲ್ಲ. ಮನೇಲಿ ದೊಡ್ಡೋರು ಹೊಳೆಗೆ ಬಿಡೋಣ ಅಂತಾರೆ. ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತಿನಲ್ಲಿ ತೊಗಲು ಗೊಂಬೆ ಸಂಗ್ರಹ ಐತೆ, ನಂಜುಂಡರಾಯರು ಊರೂರು ತಿರುಗಿ ಕೂಡಿಸಿದ್ದು, ಅಲ್ಲಿ ಹೋಗಿ ನೋಡ್ದೆ, ನಮ್ಮ ಕಸುಬು ನಮಗೇ ಹೊಸದಾಗಿ ಕಂಡಿತು. ಅವರು ಅದನ್ನ ಕೂಡಿಸಿ ಇಡದಿದ್ರೆ ಇವತ್ತು ಹಳೇ ಕೆತ್ತನೆ ಹೆಂಗಿತ್ತು ಅಂತ ತೋರಿಸೋಕೆ ಏನೂ ಇರ್ತಿರಲಿಲ್ಲ. ಹೊಳೆಗೆ ಬಿಡೋ ನಂಬಿಕೆಯಿಂದ ಒಂದು ಒಳ್ಳೇದು ಆಗಿತ್ತು, ಹಳೇದು ಹೋಗ್ತಿದ್ದಂಗೆ ಹೊಸದು ಕೆತ್ತಲೇಬೇಕಿತ್ತು, ಅಪ್ಪ ಕೆತ್ತುವಾಗ ಮಗ ಪಕ್ಕದಲ್ಲಿ ಕೂತು ಕಲೀತಿದ್ದ. ಈಗ ಕೆತ್ತೋರೇ ಕಡಿಮೆ ಆಗಿ, ಹಳೇದೂ ಹೊಳೆಗೆ ಹೋದ್ರೆ ಎರಡೂ ಕಡೆ ಬರಿದು.

ನಾನು ಮನಸು ಗಟ್ಟಿ ಮಾಡ್ಕೊಂಡಿದೀನಿ. ಒಂದು ಗೊಂಬೆ, ಅಜ್ಜ ಕಡೇ ಸಲ ಆಡಿಸಿದ ಹನುಮಂತನ್ನ, ದೊಡ್ಡೋರ ಕೈಲೇ ಹೊಳೆಗೆ ಬಿಡಿಸ್ತೀನಿ. ಉಳಿದಿದ್ದನ್ನ ಪಡಿಯಚ್ಚು ತೆಗೆದು ಆಡಿನ ತೊಗಲಲ್ಲಿ ಹೊಸದು ಕೆತ್ತಿಸಿ, ಹಳೇದನ್ನ ಸಂಗ್ರಹಾಲಯಕ್ಕೆ ಒಪ್ಪಿಸ್ತೀನಿ.

ಬ್ರಹ್ಮಗಿರಿ ಹತ್ರ

ಅಣ್ಣ, ಪಡಿಯಚ್ಚು ತೆಗೆಯೋಕೆ ಮುಂಚೆ ಹಿಂದಿನಿಂದ ಬೆಳಕು ಬಿಟ್ಟು ಒಂದೊಂದನ್ನೂ ಫೋಟೋ ತೆಗೆಸಿ. ಮುಂದಿಂದ ತೆಗೆದ್ರೆ ತೂತಿನ ಕೆಲಸ ಕಾಣಲ್ಲ. ನಾನು ಕ್ಯಾಮೆರಾ ತಗೊಂಡು ಬರ್ತೀನಿ.

ರಂಗದ ಓದು

ಈ ಚರ್ಚೆ ಓದ್ತಾ ಓದ್ತಾ ಗಿರೀಶ ಕಾರ್ನಾಡರ ಅಗ್ನಿ ಮತ್ತು ಮಳೆ ತಲೇಲಿ ಸುತ್ತುತಿದೆ. ಮಳೆಗೋಸ್ಕರ ಏಳು ವರ್ಷ ಯಜ್ಞ ನಡೀತಿರುತ್ತೆ, ಮಂತ್ರ ಬಲ್ಲ ಬ್ರಾಹ್ಮಣರೆಲ್ಲಾ ಒಳಗೆ ಕೂತಿರ್ತಾರೆ, ಮಳೆ ಬರಲ್ಲ. ಯಜ್ಞದ ಕಡೇಲಿ ನಟರ ತಂಡ ಒಂದು ಇಂದ್ರ ವೃತ್ರರ ನಾಟಕ ಆಡುತ್ತೆ, ಅದರಲ್ಲಿ ಅರವಸು ವೃತ್ರನ ಮುಖವಾಡ ಹಾಕ್ತಾನೆ, ಮುಖವಾಡ ಅವನನ್ನ ಹಿಡ್ಕೊಳ್ಳುತ್ತೆ, ಆಟ ಕೈ ಮೀರಿ ಅವನು ಯಜ್ಞಶಾಲೆಗೇ ನುಗ್ತಾನೆ. ಮಳೆ ಬರೋದು ಆಮೇಲೆ, ಅದೂ ಅವನು ಪ್ರೀತಿಸಿದವಳನ್ನ ಬದುಕಿಸ್ಕೊಳ್ಳೋ ವರ ಬಿಟ್ಟು ಒಬ್ಬ ಬ್ರಹ್ಮರಾಕ್ಷಸನ ಬಿಡುಗಡೆ ಕೇಳಿದಾಗ. ಮಹಾಭಾರತದ ವನಪರ್ವದ ಯವಕ್ರೀತನ ಕಥೆ ಇಟ್ಕೊಂಡು ಬರೆದದ್ದು. ಮಾಂತ್ರಿಕ ನಂಬಿಕೇನ ಇಷ್ಟು ಗಂಭೀರವಾಗಿ ತಗೊಂಡು, ಇಷ್ಟು ಕಟುವಾಗಿ ಪ್ರಶ್ನೆ ಕೇಳಿದ ನಾಟಕ ಕನ್ನಡದಲ್ಲಿ ಇನ್ನೊಂದಿಲ್ಲ ಅನ್ನೋದು ನನ್ನ ಅಭಿಪ್ರಾಯ. ಮುಖವಾಡ ಹಾಕ್ಕೊಂಡ ಮೇಲೆ ಅದರ ಹಿಡಿತಕ್ಕೆ ಸಿಗಬೇಕು, ಹಂಗಂತ ಪೂರಾ ಒಪ್ಪಿಸ್ಕೊಂಡ್ರೆ ಅಪಾಯ ಅಂತ ತಂಡದ ನಾಯಕ ಹೇಳೋ ಎಚ್ಚರಿಕೆ ಅದರಲ್ಲಿ ಬರುತ್ತೆ. ಸ್ತಾನಿಸ್ಲಾವ್‌ಸ್ಕಿ ಅನ್ನೋ ರಷ್ಯಾದ ರಂಗ ನಿರ್ದೇಶಕ ಆಧುನಿಕ ನಟನಿಗೆ ಕೊಟ್ಟ ಸಾಧನಕ್ಕೂ ಮಾಂತ್ರಿಕ 'ಒಂದು ವೇಳೆ' ಅಂತಲೇ ಹೆಸರಿಟ್ಟ, ನಾನು ಈ ಪರಿಸ್ಥಿತೀಲಿ ಇದ್ದಿದ್ರೆ ಅಂತ ಕೇಳ್ಕೊಳ್ಳೋದು. ಚೌಕಿ ಮನೆ ಯಜಮಾನ್ರ ಕಿರೀಟಾನೂ ಅದೇ ಕೆಲಸ ಮಾಡ್ತಿರೋದು ಅನ್ಸುತ್ತೆ.

ಚೌಕಿ ಮನೆ

ಮೇಷ್ಟ್ರೆ, ಹಿಡಿತಕ್ಕೆ ಸಿಕ್ಕೂ ಎಚ್ಚರ ಇರಬೇಕು ಅನ್ನೋದು ಸರಿ. ನಮ್ಮ ಗುರುಗಳು ಹೇಳೋರು, ಆವೇಶ ಬಂದ್ರೂ ತಾಳ ತಪ್ಪಬಾರದು, ತಾಳ ತಪ್ಪಿದ್ರೆ ಅದು ದೇವರಲ್ಲ ಅಂತ. ಉರುಮೆ ಸದ್ದಿಗೆ ಗುಡಿ ಮುಂದೆ ಮೈದುಂಬೋದು ಬೇರೆ, ಆಟದಲ್ಲಿ ಪಾತ್ರ ತುಂಬೋದು ಬೇರೆ. ಅಲ್ಲಿ ದೇವರು ಬಂದೋನಿಗೆ ಏನಾಯ್ತು ಅಂತ ನೆನಪಿರಲ್ಲ. ನಮಗೆ ಪದ ನೆನಪಿರಬೇಕು, ಮದ್ದಳೆ ಪೆಟ್ಟು ಕಿವೀಲಿರಬೇಕು, ಎದುರು ವೇಷದೋನ ಗದೆ ಎಲ್ಲಿ ಬೀಳುತ್ತೆ ಗೊತ್ತಿರಬೇಕು.

ತರ್ಕ ದುರ್ಗ

ಯಜಮಾನ್ರೆ, ಈ ಒಂದು ಮಾತು ನನಗೆ ಪೂರಾ ಒಪ್ಪಿಗೆ. ಜಗಳೂರು ಸೀಮೆ ತಮ್ಮ, ನೀವು ಬಯಲಲ್ಲೇ ಆಡ್ಸಿ, ರಾತ್ರಿ ಪೂರಾ ಆಡ್ಸಿ, ನಾನೂ ಚಂದಾ ಕೊಡ್ತೀನಿ. ನಂದು ಎರಡೇ ಬೇಡಿಕೆ. ಊರಿನ ಎಲ್ಲಾ ಕೇರಿಯೋರೂ ಒಂದೇ ಚಾಪೆ ಮೇಲೆ ಕೂರಬೇಕು, ಹೆಣ್ಣುಮಕ್ಕಳು ಕೇಳಿದ್ರೆ ಪಾತ್ರ ಕೊಡಬೇಕು. ಮಳೆ ಬರದಿದ್ರೆ ಯಾರದೋ ಮೈಲಿಗೆಯಿಂದ ಅಂತ ಯಾರ ಮೇಲೂ ಹೊರಿಸಬಾರದು, ಅದನ್ನ ಮೊದಲೇ ಮೈಕಲ್ಲಿ ಹೇಳ್ಬೇಕು.

ನಾಲೆ ಬಯಲು

ಅದು ಮೂರು ಬೇಡಿಕೆ ಆಯ್ತಣ್ಣ, ಆದ್ರೂ ಮೂರೂ ಸರಿ ಐತೆ.

ಜಗಳೂರು ಸೀಮೆ

ಇದನ್ನೆಲ್ಲಾ ನಿನ್ನೆ ಗುಡಿ ಕಟ್ಟೆ ಮೇಲೆ ಫೋನಲ್ಲೇ ಓದಿ ಹೇಳ್ದೆ. ಭೀಷ್ಮನ ಮಾತು ಬಂದಾಗ ಹಿರಿಯರು ಸುಮ್ಮನಾಗಿ ಕೇಳಿದ್ರು, ಅಕ್ಕನ ಮಾತಿಗೆ ಇಬ್ರು ಎದ್ದು ಹೋದ್ರು, ಉಳಿದೋರು ಕೂತ್ರು. ಕಡೆಗೆ ಬಯಲಾಟ ಊರಲ್ಲೇ, ಪೂಜೆ ಸಮೇತ, ಬೆಳಗಿನ ತನಕ ಅಂತ ಆಯ್ತು. ಹುಡುಗ್ರಿಗೆ ಪೂರಾ ವಿಡಿಯೋ ಮಾಡೋಕೆ ಒಪ್ಪಿದಾರೆ, ಅದರಿಂದ ಚಿಕ್ಕದು ಮಾಡಿ ಹಾಲ್‌ನಲ್ಲಿ ಬೇರೆ ದಿನ ಆಡ್ತಾರೆ. ಉತ್ತರೆ ಪಾತ್ರಕ್ಕೆ ಹೈಸ್ಕೂಲ್ ಓದೋ ಹುಡುಗಿ ಒಬ್ಳು ಕೈ ಎತ್ತಿದಾಳೆ, ಅದಿನ್ನೂ ತೀರ್ಮಾನ ಆಗಿಲ್ಲ, ನಾನು ಅವಳ ಪರ ಇದೀನಿ. ವಿಡಿಯೋ ಮಾಡೋದರ ಬಗ್ಗೆ ಬಲ್ಲೋರು ಸ್ವಲ್ಪ ಹೇಳಿ.

ಬ್ರಹ್ಮಗಿರಿ ಹತ್ರ

ಆಟ ಶುರು ಆದಾಗಿಂದ ಅಲ್ಲ, ಚೌಕೀಲಿ ದೀಪ ಹಚ್ಚೋದರಿಂದ ಶುರು ಮಾಡಿ, ಆದ್ರೆ ಮೊದಲು ಕೇಳಿ, ಬೇಡ ಅಂದಿದ್ದನ್ನ ತೆಗೀಬೇಡಿ. ಬಣ್ಣ ಹಾಕೋದನ್ನ ಒಂದೇ ಕಡೆ ಕ್ಯಾಮೆರಾ ಇಟ್ಟು ಬಿಡದಂಗೆ ತೆಗೀರಿ. ಭಾಗವತರ ಪದಕ್ಕೆ ಬೇರೆ ಮೈಕು, ಮುಖವೀಣೆಗೆ ಬೇರೆ, ಇಲ್ಲಾಂದ್ರೆ ಮದ್ದಳೆ ಎಲ್ಲಾನೂ ನುಂಗುತ್ತೆ. ಆಟ ನೋಡೋ ಜನಾನೂ ತೆಗೀರಿ, ಯಾವ ಹೊತ್ತಲ್ಲಿ ಯಾರು ಎದ್ದು ಕೂತ್ರು, ಎಲ್ಲಿ ಕಾಯಿ ಒಡೆದ್ರು ಅನ್ನೋದು ಆಟದ ಭಾಗಾನೇ. ಕೈಬರಹದ ಪ್ರಸಂಗದ ಪುಸ್ತಕ ಭಾಗವತರ ಹತ್ರ ಇದ್ರೆ ಅದರ ಪುಟ ಪುಟಾನೂ ಅವತ್ತೇ ಫೋಟೋ ಮಾಡ್ಕೊಳ್ಳಿ, ಮಳೆ ಹನಿ ಬಿದ್ರೆ ಮಸಿ ಹರಿಯುತ್ತೆ.